ಹಳೆ ಆಟ, ಹಳೆ ಟೇಪು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ರಿಪೇರಿಗೆ ಸಂಬಂಧಪಟ್ಟವು. ಬರೆದವರಲ್ಲಿ ಬಹಳ ಮಂದಿಗೆ ಮೊದಲ ಅನುಮಾನ ಚಿಪ್‌ಗಳ ಮೇಲೆ. ಹಳೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಕೊನೆಗೆ ಕೆಡುವುದು ಚಿಪ್ಪು. ಅದಕ್ಕೂ ಮುಂಚೆ ಕೈಕೊಡುವುದು ಪಿನ್ನುಗಳ ಸಂಪರ್ಕ, ಬ್ಯಾಟರಿ, ರಬ್ಬರು, ಕೆಪಾಸಿಟರ್. ಹುಡುಕುವಾಗಲೂ ಈ ಕ್ರಮದಲ್ಲೇ ಹುಡುಕಿ.

ಪ್ರಶ್ನೆ: ಎನ್‌ಇಎಸ್ (ನಿಂಟೆಂಡೊ ಕಂಪನಿಯ ಹಳೆಯ ಆಟದ ಯಂತ್ರ) ಆನ್ ಮಾಡಿದರೆ ಕೆಂಪು ದೀಪ ಮಿಣುಕುತ್ತದೆ, ಪರದೆ ಬಂದು ಬಂದು ಹೋಗುತ್ತದೆ. ಕಾರ್ಟ್ರಿಡ್ಜ್ ತೆಗೆದು ಊದಿ ಹಾಕಿದರೆ ಕೆಲವೊಮ್ಮೆ ಸರಿಯಾಗುತ್ತದೆ. ಊದಿದರೆ ತಪ್ಪೇನು?

ಸರಿಯಾಗುವುದು ಊದಿದ್ದರಿಂದಲ್ಲ, ತೆಗೆದು ಮತ್ತೆ ಹಾಕಿದ್ದರಿಂದ. ಎರಡನೇ ಸಲ ಪಿನ್ನುಗಳು ಕೂದಲೆಳೆಯಷ್ಟು ಆಚೀಚೆ ಕೂತು ಸಂಪರ್ಕ ಸಿಕ್ಕಿರುತ್ತದೆ. ಉಸಿರಿನ ಜೊತೆ ಹೋದ ಎಂಜಲಿನ ತೇವ ಮಾತ್ರ ಅಲ್ಲೇ ಉಳಿದು ನಿಧಾನಕ್ಕೆ ಲೋಹವನ್ನು ತಿನ್ನುತ್ತದೆ.

ದೀಪ ಮಿಣುಕುವುದಕ್ಕೆ ಕಾರಣ ಬೇರೆ ಇದೆ. ಯಂತ್ರದೊಳಗೆ ಒಂದು, ಕಾರ್ಟ್ರಿಡ್ಜ್ ಒಳಗೆ ಒಂದು ಬೀಗದ ಚಿಪ್ ಇರುತ್ತದೆ. ಎರಡೂ ಸತತವಾಗಿ ಸಂಕೇತ ಹಂಚಿಕೊಳ್ಳುತ್ತಿರಬೇಕು. ಒಂದೇ ಒಂದು ಪಿನ್ನು ಸರಿಯಾಗಿ ತಾಗದಿದ್ದರೂ ಈ ಮಾತುಕತೆ ಮುರಿದು, ಯಂತ್ರ ಹೆಚ್ಚುಕಡಿಮೆ ಸೆಕೆಂಡಿಗೊಮ್ಮೆ ತನ್ನನ್ನು ತಾನೇ ರೀಸೆಟ್ ಮಾಡಿಕೊಳ್ಳುತ್ತದೆ. ಎನ್‌ಇಎಸ್‌ನ ಜಪಾನಿ ರೂಪವಾದ 1983ರ ಫ್ಯಾಮಿಕಾಮ್‌ನಲ್ಲಿ ಈ ಬೀಗ ಇಲ್ಲ. ಅಲ್ಲಿ ಅದೇ ಕೊಳೆ ಇದ್ದರೆ ಮಿಣುಕುವ ಬದಲು ಚಿತ್ರ ಕಲಸಿಹೋಗುತ್ತದೆ.

ಶುಚಿ ಮಾಡುವ ಕ್ರಮ: ಕಾರ್ಟ್ರಿಡ್ಜ್ ಬಿಚ್ಚಲು 3.8 ಮಿ.ಮೀ. ಗೇಮ್‌ಬಿಟ್ (ಇಂಥ ಸ್ಕ್ರೂಗೆಂದೇ ಇರುವ ತುದಿ) ಬೇಕು, ಯಂತ್ರಗಳಿಗೆ ಬಳಸುವ 4.5 ಮಿ.ಮೀ. ಬಿಟ್ ಇದಕ್ಕೆ ಕೂರುವುದಿಲ್ಲ. ಶೇ. 90ಕ್ಕಿಂತ ಹೆಚ್ಚು ಸಾಂದ್ರತೆಯ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಕಾಟನ್ ಬಡ್ ಅದ್ದಿ, ಪಿನ್ನುಗಳ ಉದ್ದಕ್ಕೆ, ಬೋರ್ಡಿನಿಂದ ಹೊರಗಿನ ಅಂಚಿನತ್ತ ಒರೆಸಿ. ಬಡ್ ಬಿಳಿಯಾಗಿಯೇ ಹೊರಬರುವ ತನಕ ಬಡ್ ಬದಲಿಸುತ್ತಾ ಹೋಗಿ. ಹಠ ಹಿಡಿದ ಕಪ್ಪು ಕಲೆಗೆ ಮೆತ್ತನೆಯ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಬಹುದು. ಮರಳು ಕಾಗದ ಮುಟ್ಟಬೇಡಿ, ಪಿನ್ನಿನ ಮೇಲಿನ ಲೇಪ ಬಹಳ ತೆಳು, ಒಮ್ಮೆ ಹೋದರೆ ಹೋಯಿತು.

ಎಲ್ಲ ಕಾರ್ಟ್ರಿಡ್ಜ್‌ಗಳನ್ನೂ ಶುಚಿ ಮಾಡಿದ ಮೇಲೆಯೇ ಯಂತ್ರದೊಳಗಿನ 72 ಪಿನ್ನಿನ ಕನೆಕ್ಟರ್‌ಗೆ ಕೈ ಹಾಕಿ. ಇಲ್ಲದಿದ್ದರೆ ಕೊಳೆ ಕಾರ್ಟ್ರಿಡ್ಜ್‌ನಿಂದ ಮತ್ತೆ ಅಲ್ಲಿಗೇ ಹೋಗುತ್ತದೆ. ಕನೆಕ್ಟರ್ ಬಿಚ್ಚಿ ಐದು ನಿಮಿಷ ಕುದಿಯುವ ಡಿಸ್ಟಿಲ್ಡ್ ನೀರಿನಲ್ಲಿಟ್ಟು, ಹೊರತೆಗೆದು ಇಡೀ ದಿನ ಒಣಗಿಸಿದರೆ ಮೂಲ ಕನೆಕ್ಟರ್ ಎಷ್ಟೋ ಸಲ ಮತ್ತೆ ಕೆಲಸ ಮಾಡುತ್ತದೆ. ಬದಲಿಗೆ ಸಿಗುವ ಅಗ್ಗದ ಹೊಸ ಕನೆಕ್ಟರ್‌ಗಳು ಕಾರ್ಟ್ರಿಡ್ಜನ್ನು ಕಚ್ಚಿ ಹಿಡಿದು ಬಿಡುವುದೇ ಇಲ್ಲ. ಮೂಲದ್ದನ್ನು ಎಸೆಯುವ ಆತುರ ಬೇಡ.

ಪ್ರಶ್ನೆ: ಗೇಮ್ ಬಾಯ್ ಕಾರ್ಟ್ರಿಡ್ಜ್‌ನಲ್ಲಿ ಆಟ ಚೆನ್ನಾಗಿ ನಡೆಯುತ್ತದೆ, ಸೇವ್ ಮಾತ್ರ ಉಳಿಯುವುದಿಲ್ಲ. ಬ್ಯಾಟರಿ ನಾನೇ ಬದಲಿಸಬಹುದೇ? ಹಳೆಯ ಸೇವ್ ಉಳಿಸಿಕೊಳ್ಳಲು ದಾರಿ ಇದೆಯೇ?

ಎರಡನೇ ಪ್ರಶ್ನೆಯಿಂದ ಶುರು ಮಾಡೋಣ. ಸೇವ್ ಈಗಾಗಲೇ ಉಳಿಯುತ್ತಿಲ್ಲವಾದರೆ ಹಳೆಯದು ಹೋದ ಹಾಗೆಯೇ ಲೆಕ್ಕ. ಆದರೆ ನಿಮ್ಮಲ್ಲಿ ಸೇವ್ ಇನ್ನೂ ಉಳಿದಿರುವ ಬೇರೆ ಕಾರ್ಟ್ರಿಡ್ಜ್‌ಗಳಿದ್ದರೆ ಬ್ಯಾಟರಿ ಮುಟ್ಟುವ ಮುಂಚೆ ಅವುಗಳ ನಕಲು ತೆಗೆದಿಡಿ. ಜಿಬಿಎಕ್ಸ್‌ಕಾರ್ಟ್ ಆರ್‌ಡಬ್ಲ್ಯೂ ತರಹದ ಸಾಧನವನ್ನು ಯುಎಸ್‌ಬಿ ಮೂಲಕ ಕಂಪ್ಯೂಟರ್‌ಗೆ ಸಿಕ್ಕಿಸಿದರೆ ಸೇವ್ ಫೈಲನ್ನು ಹೊರತೆಗೆಯಬಹುದು, ಬ್ಯಾಟರಿ ಬದಲಿಸಿದ ಮೇಲೆ ವಾಪಸ್ ಬರೆಯಬಹುದು. ಎರಡು ಸಲ ಓದಿಸಿ, ಎರಡೂ ಫೈಲು ಒಂದೇ ಥರ ಇವೆಯೇ ಎಂದು ಹೋಲಿಸಿ ನೋಡಿ. ಪಿನ್ನಿನಲ್ಲಿ ಕೊಳೆ ಇದ್ದರೆ ಮೊದಲ ಓದು ಸುಳ್ಳು ಹೇಳುತ್ತದೆ.

ಈ ಕಾರ್ಟ್ರಿಡ್ಜ್‌ಗಳಲ್ಲಿ ಸೇವ್ ಕೂರುವುದು ಎಸ್‌ರ‍್ಯಾಮ್ ಎಂಬ ಚಿಪ್ಪಿನಲ್ಲಿ. ಅದಕ್ಕೆ ವಿದ್ಯುತ್ ನಿಂತ ಕ್ಷಣ ನೆನಪು ಅಳಿಯುತ್ತದೆ, ಹಾಗಾಗಿ 3 ವೋಲ್ಟಿನ ನಾಣ್ಯದಾಕಾರದ ಬ್ಯಾಟರಿ ಅದನ್ನು ಸದಾ ಜೀವಂತ ಇಟ್ಟಿರುತ್ತದೆ. ಮಲ್ಟಿಮೀಟರ್‌ನಲ್ಲಿ ಅಳೆದಾಗ 2.5 ವೋಲ್ಟಿಗಿಂತ ಕೆಳಗಿದ್ದರೆ ಬದಲಿಸುವ ಕಾಲ ಬಂತು. ಪೊಕೆಮಾನ್ ಗೋಲ್ಡ್, ಸಿಲ್ವರ್, ಕ್ರಿಸ್ಟಲ್‌ನಲ್ಲಿ ಅದೇ ಬ್ಯಾಟರಿ ಗಡಿಯಾರವನ್ನೂ ಓಡಿಸುವುದರಿಂದ ಅವು ಉಳಿದವುಗಳಿಗಿಂತ ಬೇಗ ಬರಿದಾಗುತ್ತವೆ. ಗೇಮ್ ಬಾಯ್ ಅಡ್ವಾನ್ಸ್‌ನ ರೂಬಿ ಮತ್ತು ಸಫೈರ್‌ನಲ್ಲಿ ಲೆಕ್ಕ ಬೇರೆ: ಸೇವ್ ಫ್ಲ್ಯಾಶ್ ಮೆಮೊರಿಯಲ್ಲಿದೆ, ಬ್ಯಾಟರಿ ಗಡಿಯಾರಕ್ಕೆ ಮಾತ್ರ. ಬ್ಯಾಟರಿ ಮುಗಿದಿದೆ ಎಂಬ ಸಂದೇಶ ಬಂದರೂ ನಿಮ್ಮ ಸೇವ್ ಸುರಕ್ಷಿತ.

ಇನ್ನು ಕೆಲಸ. ಹಳೆಯ ಬ್ಯಾಟರಿಯ ಮೇಲಿರುವ ಸಂಖ್ಯೆಯನ್ನೇ ನೋಡಿ ಅದೇ ಅಳತೆಯದನ್ನು ತನ್ನಿ: ಸಿಆರ್1616, ಸಿಆರ್2025, ಸಿಆರ್2032, ಯಾವುದಿದೆಯೋ ಅದು. ತರುವಾಗ ಕಾಲುಪಟ್ಟಿ ಬೆಸೆದೇ ಬರುವ ಬ್ಯಾಟರಿಯನ್ನು ಕೇಳಿ. ಬರಿಯ ಬ್ಯಾಟರಿಯ ಮೈಗೆ ನೇರವಾಗಿ ಸೋಲ್ಡರ್ ಹಾಕಿದರೆ ಒಳಗಿನ ಲಿಥಿಯಂ ಕಾದು ಬ್ಯಾಟರಿ ಸಿಡಿಯಬಹುದು. ಐರನ್ 350 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಲಿ. ಹಳೆಯ ಬೆಸುಗೆಗೆ ಮೊದಲು ಸ್ವಲ್ಪ ಹೊಸ ಸೋಲ್ಡರ್ ಕೂಡಿಸಿ, ಅದು ಪೂರ್ತಿ ಕರಗಿದ ಮೇಲೆ ಪಟ್ಟಿಯನ್ನು ಎತ್ತಿ. ಕರಗುವ ಮುನ್ನ ಮೀಟಿದರೆ ಬೋರ್ಡಿನ ತಾಮ್ರದ ಹಾಳೆಯೇ ಕಿತ್ತುಬರುತ್ತದೆ, ಹವ್ಯಾಸಿಗಳ ಕೈಯಲ್ಲಿ ಬೋರ್ಡುಗಳು ಸಾಯುವುದು ಹೆಚ್ಚಾಗಿ ಹೀಗೆಯೇ. ಬೋರ್ಡಿನ ಮೇಲೆ ಅಚ್ಚಾಗಿರುವ ಪ್ಲಸ್ ಮೈನಸ್ ಗುರುತಿಗೆ ಸರಿಯಾಗಿ ಹೊಸದನ್ನಿಟ್ಟು, ಪ್ರತಿ ಕಾಲಿಗೆ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಶಾಖ ಕೊಡದೆ ಬೆಸೆಯಿರಿ. ಟೇಪು ಅಂಟಿಸಿ ಬ್ಯಾಟರಿ ನಿಲ್ಲಿಸುವ ಅಡ್ಡದಾರಿಯೂ ಚಾಲ್ತಿಯಲ್ಲಿದೆ. ಕಾರ್ಟ್ರಿಡ್ಜ್ ಒಮ್ಮೆ ಕೈತಪ್ಪಿ ಬಿದ್ದರೆ ಸೇವ್ ಹೋಯಿತು.

ಎಲ್‌ಐಆರ್2032 ಎಂಬ ರೀಚಾರ್ಜಬಲ್ ಬ್ಯಾಟರಿ ನೋಡಲು ಸಿಆರ್2032ರಂತೆಯೇ ಇದ್ದರೂ ವೋಲ್ಟೇಜ್ ಹೆಚ್ಚು, ಹಾಕಬೇಡಿ. ಇದರ ತಿರುಗುಮುರುಗು ಸೆಗಾದ ಡ್ರೀಮ್‌ಕಾಸ್ಟ್ ಕನ್ಸೋಲಿನಲ್ಲಿದೆ: ಅದರ ಗಡಿಯಾರದ ಬ್ಯಾಟರಿ ಮತ್ತೆ ಚಾರ್ಜ್ ಆಗುವ ಎಂಎಲ್2032. ಆ ಜಾಗದಲ್ಲಿ ಸಿಆರ್2032 ಕೂರಿಸಿದರೆ ಯಂತ್ರ ಅದನ್ನು ಚಾರ್ಜ್ ಮಾಡಲು ಹೋಗುತ್ತದೆ, ಅದು ಅಪಾಯ. ಸೆಗಾ ಸ್ಯಾಟರ್ನ್ ಇಟ್ಟುಕೊಂಡವರು ಪುಣ್ಯವಂತರು. ಹಿಂದಿನ ಮುಚ್ಚಳ ತೆರೆದರೆ ಸಿಆರ್2032 ಕೈಗೇ ಸಿಗುತ್ತದೆ, ಬೆಸುಗೆ ಬೇಡ.

ಪ್ರಶ್ನೆ: ಹಳೆಯ ಕನ್ಸೋಲನ್ನು ಹೊಸ ಎಲ್‌ಇಡಿ ಟಿವಿಗೆ ಹಾಕಿದರೆ ಚಿತ್ರ ಅಗಲಕ್ಕೆ ಎಳೆದಂತಿದೆ, ಅಂಚುಗಳು ನಡುಗುತ್ತವೆ, ಗುಂಡಿ ಒತ್ತಿದ ಮೇಲೆ ಪಾತ್ರ ತಡವಾಗಿ ಹಾರುತ್ತದೆ. ಕನ್ಸೋಲ್ ಕೆಟ್ಟಿದೆಯೇ?

ಕನ್ಸೋಲ್ ಸರಿಯಾಗಿಯೇ ಇದೆ, ಟಿವಿ ಅದನ್ನು ತಪ್ಪಾಗಿ ಅರ್ಥ ಮಾಡಿಕೊಂಡಿದೆ.

ಆ ಕಾಲದ ಟಿವಿ ಪ್ರಸಾರದಲ್ಲಿ ಒಂದು ಫ್ರೇಮು ಎರಡು ಕಂತಿನಲ್ಲಿ ಬರುತ್ತಿತ್ತು: ಮೊದಲು ಬೆಸ ಗೆರೆಗಳು, ಆಮೇಲೆ ಸಮ ಗೆರೆಗಳು. ಅಮೆರಿಕ, ಜಪಾನಿನ ಪ್ರಸಾರ ಪದ್ಧತಿಯಾದ ಎನ್‌ಟಿಎಸ್‌ಸಿಯಲ್ಲಿ ಪ್ರತಿ ಕಂತಿಗೆ 262.5 ಗೆರೆ. ಆ ಅರ್ಧ ಗೆರೆಯಿಂದಲೇ ಎರಡನೇ ಕಂತು ಮೊದಲನೆಯದರ ಸಂದಿನಲ್ಲಿ ಬೀಳುತ್ತದೆ. ಕನ್ಸೋಲ್‌ಗಳು ಆ ಅರ್ಧವನ್ನು ಬಿಟ್ಟು 262 ಗೆರೆ ಕಳಿಸುತ್ತವೆ. ಆಗ ಎಲ್ಲ ಕಂತೂ ಒಂದೇ ಜಾಗದಲ್ಲಿ ಬಿದ್ದು, ಸೆಕೆಂಡಿಗೆ ಸುಮಾರು 60 ಪೂರ್ಣ ಚಿತ್ರ ಸಿಗುತ್ತವೆ. ಇದನ್ನೇ 240ಪಿ ಎನ್ನುವುದು. ಹಳೆಯ ಪಿಕ್ಚರ್ ಟ್ಯೂಬ್‌ಗೆ ಇದರಿಂದ ತೊಂದರೆಯೇ ಇರಲಿಲ್ಲ. ಹೊಸ ಟಿವಿಗಳಲ್ಲಿ ಅನೇಕವು ಇದನ್ನು 480ಐ, ಅಂದರೆ ಎರಡು ಕಂತಿನ ಚಿತ್ರ ಎಂದು ತಿಳಿದು, ಇಲ್ಲದ ಬೆಸ-ಸಮ ಕಂತುಗಳನ್ನು ಜೋಡಿಸಲು ಕೂರುತ್ತವೆ. ನಡುಕ ಅಲ್ಲಿಂದ ಬರುತ್ತದೆ. ಜೋಡಿಸಲು ಒಂದೆರಡು ಫ್ರೇಮನ್ನು ಹಿಡಿದಿಟ್ಟುಕೊಳ್ಳುವುದರಿಂದ ತಡವೂ ಅಲ್ಲಿಂದಲೇ. ಒಂದು ಫ್ರೇಮೆಂದರೆ 16.7 ಮಿಲಿಸೆಕೆಂಡ್, ಮೂರು ನಾಲ್ಕು ಸೇರಿದರೆ ಹಳ್ಳ ಹಾರುವ ಆಟದಲ್ಲಿ ನೀವು ಹಳ್ಳದಲ್ಲಿರುತ್ತೀರಿ.

ದುಡ್ಡು ಖರ್ಚಾಗದ ಕೆಲಸ ಮೊದಲು: ಟಿವಿಯ ಗೇಮ್ ಮೋಡ್ ಆನ್ ಮಾಡಿ, ಚಲನೆ ನಯಗೊಳಿಸುವ ಸೌಲಭ್ಯಗಳನ್ನೆಲ್ಲ ಆಫ್ ಮಾಡಿ, ಅಳತೆಯನ್ನು 4:3ಕ್ಕೆ ಇಡಿ. ಎರಡನೆಯದು ಕೇಬಲ್. ಹಳದಿ ಪಿನ್ನಿನ ಕಾಂಪೊಸಿಟ್‌ನಲ್ಲಿ ಬಣ್ಣವೂ ಬೆಳಕೂ ಒಂದೇ ತಂತಿಯಲ್ಲಿ ಬೆರೆತು ಬರುತ್ತವೆ. ಎಸ್-ವಿಡಿಯೊದಲ್ಲಿ ಬೇರೆ ಬೇರೆ. ಆರ್‌ಜಿಬಿಯಲ್ಲಿ ಮೂರೂ ಬಣ್ಣ ಬಿಡಿಬಿಡಿಯಾಗಿ. ನಿಮ್ಮ ಕನ್ಸೋಲ್ ಇವುಗಳಲ್ಲಿ ಯಾವುದನ್ನು ಕೊಡುತ್ತದೆ ಎಂದು ಮೊದಲು ತಿಳಿದುಕೊಳ್ಳಿ. ಎನ್‌ಇಎಸ್ ಆರ್‌ಜಿಬಿ ಕೊಡುವುದಿಲ್ಲ, ಸೂಪರ್ ಎನ್‌ಇಎಸ್‌ನ ಬಹುತೇಕ ಮಾದರಿಗಳು ಮತ್ತು ಸೆಗಾದ ಮೆಗಾ ಡ್ರೈವ್ ಕೊಡುತ್ತವೆ. ಮೂರನೆಯದು ಪರಿವರ್ತಕ. ಎಲ್ಲೆಡೆ ಸಿಗುವ ಅಂಗೈಯಗಲದ ಅಗ್ಗದ ಎಚ್‌ಡಿಎಂಐ ಡಬ್ಬಿಗಳು 240ಪಿಯನ್ನು ಗುರುತಿಸದೆ, ಚಿತ್ರವನ್ನು 16:9ಕ್ಕೆ ಎಳೆದು, ತಮ್ಮ ಪಾಲಿನ ತಡವನ್ನೂ ಸೇರಿಸುತ್ತವೆ. ಆ ಡಬ್ಬಿ ಕೊಳ್ಳುವುದಕ್ಕಿಂತ ಕೊಳ್ಳದಿರುವುದು ವಾಸಿ. ಒಎಸ್‌ಎಸ್‌ಸಿ, ರೆಟ್ರೊಟಿಂಕ್ ಈ ಕೆಲಸಕ್ಕೆಂದೇ ಮಾಡಿದವು. ಒಎಸ್‌ಎಸ್‌ಸಿ ಇಡೀ ಫ್ರೇಮಿಗೆ ಕಾಯದೆ ಪ್ರತಿ ಗೆರೆಯನ್ನು ಬಂದ ಹಾಗೆಯೇ ಎರಡು, ಮೂರು ಪಟ್ಟು ಮಾಡಿ ಕಳಿಸುವುದರಿಂದ ತಡ ಇಲ್ಲವೆನ್ನುವಷ್ಟು ಕಡಿಮೆ.

ಚಿತ್ರ ಕಪ್ಪುಬಿಳುಪಿನಲ್ಲಿ ಮಾತ್ರ ಬರುತ್ತಿದ್ದರೆ ಅದು ಈ ಗುಂಪಿನ ತೊಂದರೆಯಲ್ಲ. ಎನ್‌ಟಿಎಸ್‌ಸಿ ಬಣ್ಣದ ಸಂಕೇತ 3.58 ಮೆಗಾಹರ್ಟ್ಸ್‌ನಲ್ಲಿ, ಭಾರತ, ಯುರೋಪಿನ ಪದ್ಧತಿಯಾದ ಪಾಲ್‌ನದು 4.43ರಲ್ಲಿ. ಟಿವಿ ಒಂದನ್ನು ಕಾಯುತ್ತಿದ್ದು ಕನ್ಸೋಲ್ ಇನ್ನೊಂದನ್ನು ಕಳಿಸಿದರೆ ಬಣ್ಣ ಬೀಳುವುದಿಲ್ಲ.

ಪ್ರಶ್ನೆ: ಅದೇ ಟಿವಿಯಲ್ಲಿ ಬಾತುಕೋಳಿ ಹೊಡೆಯುವ ಬಂದೂಕು ಕೆಲಸ ಮಾಡುತ್ತಿಲ್ಲ. ಪರಿವರ್ತಕ ಹಾಕಿದರೆ ಸರಿಹೋದೀತೆ?

ಹೋಗದು. ಬಂದೂಕಿನ ಕುದುರೆ (ಟ್ರಿಗರ್) ಒತ್ತಿದ ಕೂಡಲೇ ಆಟ ಪರದೆಯನ್ನು ಒಂದು ಫ್ರೇಮು ಕಪ್ಪು ಮಾಡುತ್ತದೆ, ಮುಂದಿನ ಫ್ರೇಮಿನಲ್ಲಿ ಹಕ್ಕಿಯಿದ್ದ ಜಾಗದಲ್ಲಿ ಬಿಳಿ ಚೌಕ ಹಾಕುತ್ತದೆ. ಬಂದೂಕಿನೊಳಗಿನ ಬೆಳಕಿನ ಸಂವೇದಕ ಆ ಬಿಳಿಯನ್ನು ಆ ಕ್ಷಣದಲ್ಲೇ ಕಂಡರೆ ಮಾತ್ರ ಗುಂಡು ತಾಗಿದಂತೆ. ಎಲ್‌ಇಡಿ ಟಿವಿಯ ಬಿಳಿ ಚೌಕ ಬರುವ ಹೊತ್ತಿಗೆ ಆಟ ತೀರ್ಪು ಕೊಟ್ಟಾಗಿರುತ್ತದೆ. ಸಾಲದ್ದಕ್ಕೆ, ಪಿಕ್ಚರ್ ಟ್ಯೂಬಿನ ಗೆರೆಗಳು ಸುಮಾರು 15.7 ಕಿಲೋಹರ್ಟ್ಸ್ ವೇಗದಲ್ಲಿ ಮಿಂಚುವುದನ್ನೇ ಹುಡುಕುವಂತೆ ಬಂದೂಕಿನಲ್ಲಿ ಫಿಲ್ಟರ್ ಇದೆ. ಎಲ್‌ಸಿಡಿ ಬೆಳಕು ಹಾಗೆ ಮಿಂಚುವುದಿಲ್ಲ. ಹಳೆಯ ಟ್ಯೂಬ್ ಟಿವಿ ಒಂದನ್ನು ಉಳಿಸಿಕೊಳ್ಳಿ. ಅದರ ಹಿಂಭಾಗ ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು.

ಪ್ರಶ್ನೆ: ಮೂಲ ಅಡಾಪ್ಟರ್ ಕಳೆದಿದೆ. ಪಿನ್ನು ಹಿಡಿಸುವ 9 ವೋಲ್ಟಿನ ಯಾವುದಾದರೂ ನಡೆದೀತೆ?

ಪಿನ್ನು ಹಿಡಿಸಿತು ಎಂಬುದು ಏನನ್ನೂ ಹೇಳುವುದಿಲ್ಲ. ನೋಡಬೇಕಾದ್ದು ನಾಲ್ಕು: ಎಸಿಯೋ ಡಿಸಿಯೋ, ವೋಲ್ಟ್, ಆಂಪಿಯರ್, ನಡುವಿನ ಪಿನ್ನು ಪ್ಲಸ್ಸೋ ಮೈನಸ್ಸೋ. ಎನ್‌ಇಎಸ್‌ನ ಮೂಲ ಅಡಾಪ್ಟರ್ ಕೊಡುವುದು 9 ವೋಲ್ಟ್ ಎಸಿ. ಯಂತ್ರದೊಳಗೇ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಇರುವುದರಿಂದ ಅದು ಡಿಸಿಯನ್ನೂ ಯಾವ ದಿಕ್ಕಿನಲ್ಲಾದರೂ ತಾಳಿಕೊಳ್ಳುತ್ತದೆ. ಅದೇ ಎಸಿ ಅಡಾಪ್ಟರನ್ನು ಫ್ಯಾಮಿಕಾಮ್‌ಗೋ ಮೆಗಾ ಡ್ರೈವ್‌ಗೋ ಹಾಕಿದರೆ ಯಂತ್ರ ಸುಡುತ್ತದೆ. ಫ್ಯಾಮಿಕಾಮ್‌ಗೆ 10 ವೋಲ್ಟ್ ಡಿಸಿ, 850 ಮಿಲಿಆಂಪಿಯರ್, ನಡುವೆ ಮೈನಸ್. ಮೊದಲ ಮೆಗಾ ಡ್ರೈವ್‌ನಲ್ಲೂ ನಡುವೆ ಮೈನಸ್, ಎರಡನೇ ಮಾದರಿಯಲ್ಲಿ ನಡುವೆ ಪ್ಲಸ್. ಒಂದೇ ಹೆಸರಿನ ಯಂತ್ರ ಎಂದು ನಂಬಿ ಹಾಕಿದವರು ಪೆಟ್ಟು ತಿಂದಿರುವುದು ಇಲ್ಲಿಯೇ. ಆಂಪಿಯರ್ ಬೇಕಾದ್ದಕ್ಕಿಂತ ಹೆಚ್ಚಿದ್ದರೆ ತೊಂದರೆಯಿಲ್ಲ, ಕಡಿಮೆ ಇದ್ದರೆ ಅಡಾಪ್ಟರ್ ಬಿಸಿಯಾಗುತ್ತದೆ.

ಪ್ರಶ್ನೆ: ಝಡ್‌ಎಕ್ಸ್ ಸ್ಪೆಕ್ಟ್ರಮ್ (ಕ್ಯಾಸೆಟ್ಟಿನಿಂದ ಆಟ ಓದುವ ಹಳೆಯ ಮನೆ ಕಂಪ್ಯೂಟರ್) ಕ್ಯಾಸೆಟ್‌ಗಳು ಅರ್ಧಕ್ಕೆ ಬಂದು ಟೇಪ್ ಲೋಡಿಂಗ್ ಎರರ್ ಎನ್ನುತ್ತವೆ. ಟೇಪು ಹಾಳಾಗಿದೆಯೇ, ಪ್ಲೇಯರೇ?

ಮೊದಲು ಪ್ಲೇಯರನ್ನೇ ಹಿಡಿಯಿರಿ. ಸ್ಪೆಕ್ಟ್ರಮ್ ಕೇಳಿಸಿಕೊಳ್ಳುವುದು ಎರಡೇ ಸ್ವರ: ಸೊನ್ನೆಗೆ ಸುಮಾರು 2 ಕಿಲೋಹರ್ಟ್ಸ್, ಒಂದಕ್ಕೆ ಅದರರ್ಧ. ಸರಾಸರಿ ಸೆಕೆಂಡಿಗೆ 1500 ಬಿಟ್, ಆದ್ದರಿಂದ 48ಕೆ ತುಂಬಲು ನಾಲ್ಕೂವರೆ ನಿಮಿಷದ ಹತ್ತಿರ. ಇಷ್ಟು ಹೊತ್ತಿನಲ್ಲಿ ಒಂದು ಬಿಟ್ ತಪ್ಪಿದರೂ ಎಲ್ಲ ಮೊದಲಿಂದ.

ಹೆಡ್ಡು, ಟೇಪು ಎಳೆಯುವ ತೆಳು ಕಂಬಿಯಾದ ಕ್ಯಾಪ್‌ಸ್ಟನ್, ಅದಕ್ಕೊತ್ತುವ ರಬ್ಬರ್ ಉರುಳೆ ಇವುಗಳನ್ನು ಶುಚಿ ಮಾಡಿ. ಡಾಲ್ಬಿ ಆಫ್, ಟ್ರೆಬಲ್ ಪೂರ್ತಿ, ವಾಲ್ಯೂಮ್ ಮುಕ್ಕಾಲರಿಂದ ಶುರು. ಗಡಿಪಟ್ಟಿಯಲ್ಲಿ ಕೆಂಪು-ತಿಳಿನೀಲಿ ಪಟ್ಟೆ ಸ್ಥಿರವಾಗಿ ಬಂದು ಆಮೇಲೆ ನೀಲಿ-ಹಳದಿ ಗೆರೆಗಳು ಬಂದರೆ ಸಂಕೇತ ತಲುಪುತ್ತಿದೆ ಎಂದರ್ಥ. ಪಟ್ಟೆಯೇ ಬರದಿದ್ದರೆ ವಾಲ್ಯೂಮ್ ಅಥವಾ ಕೇಬಲ್. ಸ್ಟೀರಿಯೊ ಪ್ಲೇಯರಾದರೆ ಒಂದೇ ಚಾನಲ್‌ನಿಂದ ತಂತಿ ಎಳೆಯಿರಿ. ಹೆಡ್ಡು ಸ್ವಲ್ಪ ವಾಲಿದ್ದರೂ ಎರಡು ಚಾನಲ್ ಬೆರೆತಾಗ ಮೇಲಿನ ಸ್ವರಗಳು ಒಂದನ್ನೊಂದು ಕೊಲ್ಲುತ್ತವೆ.

ಅಷ್ಟಕ್ಕೂ ಬಗ್ಗದಿದ್ದರೆ ಹೆಡ್ಡಿನ ಓರೆ ತಿದ್ದಬೇಕು. ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಸಣ್ಣ ಸ್ಕ್ರೂ ಇದೆ. ಟೇಪು ಓಡುತ್ತಿರುವಾಗ ಸ್ಪೀಕರಿನಲ್ಲಿ ಕೇಳುತ್ತಾ ಕಾಲು ಸುತ್ತಿಗಿಂತ ಹೆಚ್ಚಿಲ್ಲದಂತೆ ಆಚೀಚೆ ತಿರುಗಿಸಿ, ಕಿರಿಚುವ ಸದ್ದು ಅತ್ಯಂತ ಚೂಪಾಗುವಲ್ಲಿ ನಿಲ್ಲಿಸಿ. ಬೇರೆ ಯಂತ್ರದಲ್ಲಿ ರೆಕಾರ್ಡಾದ ಟೇಪಿಗೆ ಇದು ಬೇರೆಯಾಗಿರುತ್ತದೆ, ಮುಂಚಿನ ಜಾಗಕ್ಕೆ ಗುರುತು ಹಾಕಿಡಿ. ಒಮ್ಮೆ ಲೋಡಾದ ಟೇಪನ್ನು ಆಗಲೇ 44.1 ಕಿಲೋಹರ್ಟ್ಸ್ ವೇವ್ ಫೈಲಾಗಿ ಉಳಿಸಿ, ಎಂಪಿ3 ಬೇಡ. ಕಮೊಡೋರ್ 64 ಕಂಪ್ಯೂಟರ್ ಇರುವವರಿಗೆ ಈ ಉತ್ತರದಲ್ಲಿ ವಾಲ್ಯೂಮ್, ಕೇಬಲ್‌ನ ಭಾಗ ಅನ್ವಯಿಸದು, ಅದಕ್ಕೆ ಅದರದೇ ಪ್ಲೇಯರ್ ಬೇಕು. ಹೆಡ್ಡಿನ ಓರೆ ಅಲ್ಲೂ ಅದೇ ಕಥೆ.

ಪ್ರಶ್ನೆ: ವಿಎಚ್‌ಎಸ್ ಕ್ಯಾಸೆಟ್‌ಗಳ ಕಿಟಕಿಯಲ್ಲಿ ಬಿಳಿ ಪುಡಿಯಂತಹದ್ದು ಕಾಣುತ್ತಿದೆ. ಹಾಕಿ ನೋಡಿ ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದೇ?

ಹಾಕಬೇಡಿ. ಅದು ಬೂಷ್ಟು. ಒಂದು ಕ್ಯಾಸೆಟ್ ಓಡಿದರೆ ಸಾಕು, ವಿಸಿಆರ್ ಒಳಗೆಲ್ಲ ಹರಡಿ ಮುಂದಿನ ಪ್ರತಿ ಕ್ಯಾಸೆಟ್‌ಗೂ ಅಂಟುತ್ತದೆ. ಬೂಷ್ಟು ಹಿಡಿದವನ್ನು ಬೇರೆ ಇಡಿ, ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಟ್ಟು ಚೆನ್ನಾಗಿ ಒಣಗಿಸಿ. ಒಣಗಿದ ಬೂಷ್ಟು ಉದುರುತ್ತದೆ, ಹಸಿಯದು ಮೆತ್ತಿಕೊಳ್ಳುತ್ತದೆ. ಆಮೇಲೆ ಬಯಲಿನಲ್ಲಿ, ಎನ್95 ಮಾಸ್ಕ್ ಮತ್ತು ಕೈಗವಸು ಹಾಕಿಕೊಂಡು, ಐದು ಸ್ಕ್ರೂ ತೆಗೆದು ಕ್ಯಾಸೆಟ್ಟಿನ ಹೊರಚಿಪ್ಪು ಬಿಚ್ಚಿ. ಸುರುಳಿಯ ಅಂಚುಗಳನ್ನು ಮೆತ್ತನೆಯ ಬ್ರಷ್‌ನಿಂದ ಒರೆಸಿ, ಟೇಪನ್ನು ನೂಲು ಬಿಡದ ಒಣಬಟ್ಟೆಯ ನಡುವೆ ನಿಧಾನವಾಗಿ ಒಂದು ಸುರುಳಿಯಿಂದ ಇನ್ನೊಂದಕ್ಕೆ ಸುತ್ತಿ. ಕೊನೆಗೆ ಎರಡೂ ಸುರುಳಿಗಳನ್ನು ಶುಚಿಯಾದ ಬೇರೆ ಹೊರಚಿಪ್ಪಿಗೆ ವರ್ಗಾಯಿಸಿ. ಬೇಸರದ ಕೆಲಸ ನಿಜ, ಆದರೆ 2016ರ ಜುಲೈನಲ್ಲಿ ಫುನಾಯ್ ಕಂಪನಿ ನಿಲ್ಲಿಸಿದ ಮೇಲೆ ಹೊಸ ವಿಸಿಆರ್ ತಯಾರಾಗುತ್ತಿಲ್ಲ. ಇರುವ ಯಂತ್ರವನ್ನು ಬೂಷ್ಟಿಗೆ ಬಲಿ ಕೊಡುವಂತಿಲ್ಲ.

ವಿಸಿಆರ್ ಹೆಡ್ಡಿಗೆ ಕಾಟನ್ ಬಡ್ ತಾಗಿಸಲೇಬೇಡಿ, ಹತ್ತಿಯ ಎಳೆ ಸಿಕ್ಕಿ ಹೆಡ್ಡಿನ ಸೂಕ್ಷ್ಮ ತುದಿ ಮುರಿಯುತ್ತದೆ. ಮೆತ್ತನೆಯ ಚರ್ಮದ ತುಂಡನ್ನು ಆಲ್ಕೊಹಾಲ್‌ನಲ್ಲಿ ಅದ್ದಿ ಡ್ರಮ್ಮಿಗೆ ಒತ್ತಿ ಹಿಡಿದು, ಡ್ರಮ್ಮನ್ನು ಕೈಯಿಂದ ತಿರುಗಿಸಿ. ಮೇಲಕ್ಕೂ ಕೆಳಕ್ಕೂ ಉಜ್ಜಬಾರದು.

ಇಳಿಸುವಾಗ ಪಾಲ್ ಟೇಪಿಗೆ 720×576, ಸೆಕೆಂಡಿಗೆ 25 ಫ್ರೇಮು, ಇಂಟರ್‌ಲೇಸ್ಡ್ (ಬೆಸ-ಸಮ ಕಂತು) ಆಗಿಯೇ, ಹಫ್‌ವೈಯುವಿ ಅಥವಾ ಎಫ್‌ಎಫ್‌ವಿ1ನಂತಹ ಏನೂ ಕಳೆಯದ ರೂಪದಲ್ಲಿ ಹಿಡಿಯಿರಿ. ಗಂಟೆಗೆ 30 ಜಿಬಿ ಆಸುಪಾಸು ಜಾಗ ಬೇಕು. ಗೆರೆಗಳನ್ನು ಕೂಡಿಸುವ ಕೆಲಸ ಆಮೇಲೆ ಮಾಡಿದರೆ ತಪ್ಪಾದರೂ ಮತ್ತೆ ಮಾಡಬಹುದು. ಮಾತು ತುಟಿಗೆ ಹೊಂದದೆ ಹೋಗುತ್ತಿದ್ದರೆ ಫ್ರೇಮುಗಳು ಬಿದ್ದುಹೋಗುತ್ತಿವೆ. ಸಂಕೇತದ ವೇಳೆ ಸರಿಪಡಿಸುವ ಟೈಮ್ ಬೇಸ್ ಕರೆಕ್ಟರ್ ಒಂದನ್ನು ನಡುವೆ ಹಾಕಿ. ಚಿತ್ರದ ಅಡಿಯಲ್ಲಿ ಕಾಣುವ ನಾಲ್ಕಾರು ಚದುರಿದ ಗೆರೆಗಳು ದೋಷವಲ್ಲ, ಹೆಡ್ಡು ಬದಲಾಗುವ ಜಾಗ. ಹಳೆಯ ಟಿವಿ ಅದನ್ನು ಚೌಕಟ್ಟಿನ ಹಿಂದೆ ಮುಚ್ಚಿಡುತ್ತಿತ್ತು.

ಪ್ರಶ್ನೆ: ಅಮಿಗಾ ಕಂಪ್ಯೂಟರಿನ ಫ್ಲಾಪಿಗಳನ್ನು ಯುಎಸ್‌ಬಿ ಫ್ಲಾಪಿ ಡ್ರೈವ್ ಓದುತ್ತಿಲ್ಲ. ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ.

ಬೇಡ ಎನ್ನಿ! ಡಿಸ್ಕಿನ ಮೂಲೆಯ ತೂತು ತೆರೆದಿರುವಂತೆ ಜಾರುಗುಂಡಿ ಸರಿಸಿ, 3.5 ಇಂಚಿನದರಲ್ಲಿ ತೂತು ತೆರೆದಿದ್ದರೆ ಬರೆಯಲಾಗದು.

ಯುಎಸ್‌ಬಿ ಡ್ರೈವ್‌ಗಳಿಗೆ ಗೊತ್ತಿರುವುದು ಪಿಸಿಯ ಕ್ರಮ ಮಾತ್ರ. 720 ಕೆಬಿಯ ಪಿಸಿ ಡಿಸ್ಕಿನಲ್ಲಿ ಟ್ರ್ಯಾಕಿಗೆ 9 ಸೆಕ್ಟರ್, ಅದೇ ಡಿಸ್ಕಿನಲ್ಲಿ ಅಮಿಗಾ 11 ಸೆಕ್ಟರ್ ತುರುಕಿ 880 ಕೆಬಿ ಮಾಡುತ್ತದೆ. ಗ್ರೀಸ್‌ವೀಸಲ್ ಎಂಬ ಸಣ್ಣ ಬೋರ್ಡು, 34 ಪಿನ್ನಿನ ಕೇಬಲ್ ಹಾಕುವ ಹಳೆಯ ಪಿಸಿ ಫ್ಲಾಪಿ ಡ್ರೈವ್, ಡ್ರೈವಿಗೆ 5 ವೋಲ್ಟ್ ಇಷ್ಟಿದ್ದರೆ ಸಾಕು. ಇದು ಸೆಕ್ಟರ್ ಲೆಕ್ಕ ನೋಡದೆ ಕಾಂತದ ಏರಿಳಿತವನ್ನೇ ಹಿಡಿದುಕೊಳ್ಳುತ್ತದೆ, ಅರ್ಥ ಬಿಡಿಸುವುದು ಆಮೇಲೆ. ಪ್ರತಿ ಟ್ರ್ಯಾಕನ್ನು ಮೂರರಿಂದ ಐದು ಸುತ್ತು ಓದಿಸಿ. ಓದದ ಸೆಕ್ಟರ್ ಉಳಿದರೆ ಇನ್ನೊಂದು ಡ್ರೈವಿನಲ್ಲಿ ಪ್ರಯತ್ನಿಸಿ, ಎರಡು ಡ್ರೈವಿನ ಹೆಡ್ಡು ಒಂದೇ ಗೆರೆಯಲ್ಲಿರುವುದು ಅಪರೂಪ. ಡಿಸ್ಕು ಕೆರೆಯುವ ಸದ್ದು ಮಾಡಿದರೆ ಕೂಡಲೇ ತೆಗೆದು ಹೆಡ್ಡು ಒರೆಸಿ. ಉದುರಿದ ಪುಡಿ ಹೆಡ್ಡಿನಲ್ಲಿ ಕೂತು ಮುಂದಿನ ಡಿಸ್ಕನ್ನು ಗೀರಿ ಹಾಕುತ್ತದೆ.

ಪ್ರಶ್ನೆ: ಆಟದ ಸಿಡಿಯ ಮೇಲ್ಭಾಗ, ಅಂದರೆ ಚಿತ್ರ ಇರುವ ಕಡೆ ಗೀರಿದೆ. ಕೆಳಗಡೆ ನುಣುಪಾಗಿದೆ, ಹಾಗಾದರೆ ಚಿಂತೆಯಿಲ್ಲ ತಾನೆ?

ಚಿಂತೆ ಇರುವುದೇ ಅಲ್ಲಿ. ಓದುವ ಕಡೆ 1.2 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಇದೆ, ಅದರ ಗೀರನ್ನು ಪಾಲಿಶ್ ಮಾಡಿ ತೆಗೆಯಬಹುದು. ಕನ್ನಡಿಯಂತಹ ಲೋಹದ ಪದರ ಇರುವುದು ಚಿತ್ರದ ಕೆಳಗೇ, ತೆಳುವಾದ ಮೆರುಗೆಣ್ಣೆಯ ಅಡಿಯಲ್ಲಿ. ಡಿಸ್ಕನ್ನು ದೀಪಕ್ಕೆ ಹಿಡಿದು ನೋಡಿ, ಸೂಜಿಮೊನೆಯಂತೆ ಬೆಳಕು ತೂರಿ ಬಂದರೆ ಅಲ್ಲಿನ ಮಾಹಿತಿ ಇಲ್ಲ. ತೂತು ಕಾಣದಿದ್ದರೆ ಇವತ್ತೇ ಬಿನ್ ಮತ್ತು ಕ್ಯೂ ಫೈಲುಗಳಾಗಿ ನಕಲು ತೆಗೆಯಿರಿ. ಐಎಸ್‌ಒ ಆಗಿ ತೆಗೆದರೆ ಡಿಸ್ಕಿನಲ್ಲಿ ಹಾಡಿನ ಟ್ರ್ಯಾಕುಗಳಾಗಿ ಇರುವ ಹಿನ್ನೆಲೆ ಸಂಗೀತ ಬಿಟ್ಟುಹೋಗಿ ಆಟ ಮೂಕವಾಗುತ್ತದೆ. ಡಿಸ್ಕ್ ಓದದಿದ್ದಾಗ ಲೇಸರಿನ ಸಣ್ಣ ಸ್ಕ್ರೂ ತಿರುಗಿಸುವ ಸಲಹೆ ಎಲ್ಲೆಡೆ ಸಿಗುತ್ತದೆ. ಮೊದಲು ಮಸೂರ ಒರೆಸಿ, ಅದು ಜಾರುವ ಕಂಬಿಗೆ ಹೊಸ ಗ್ರೀಸ್ ಹಚ್ಚಿ. ಆ ಸ್ಕ್ರೂ ಲೇಸರಿನ ಶಕ್ತಿ ಏರಿಸಿ ಅದರ ಆಯುಸ್ಸು ಕಡಿಮೆ ಮಾಡುತ್ತದೆ.

ಪ್ರಶ್ನೆ: ಹಳದಿಯಾದ ಸೂಪರ್ ಎನ್‌ಇಎಸ್ ಮತ್ತೆ ಬೂದು ಬಣ್ಣಕ್ಕೆ ಬರುತ್ತದೆಯೇ?

ಬರುತ್ತದೆ, ಉಳಿಯುವ ಖಾತ್ರಿ ಇಲ್ಲ. ಶೇ. 12ರ ಹೈಡ್ರೋಜನ್ ಪೆರಾಕ್ಸೈಡ್ ಕ್ರೀಮನ್ನು ಬಿಚ್ಚಿದ ಹೊರಚಿಪ್ಪಿಗೆ ಸಮವಾಗಿ ಬಳಿದು, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಸಿಲಿಗಿಡಿ, ಗಂಟೆಗೊಮ್ಮೆ ತಿರುವಿ ಮತ್ತೆ ಬಳಿಯಿರಿ. ಕ್ರೀಮು ಒಣಗಿದ ಜಾಗದಲ್ಲಿ ಬಿಳಿ ಪಟ್ಟೆ ಬೀಳುತ್ತದೆ, ಅದು ಹೋಗುವುದಿಲ್ಲ. ಲೇಬಲ್ ಮೇಲೆ ತಾಗದಿರಲಿ, ಕೈಗವಸು, ಕನ್ನಡಕ ಇರಲಿ. ಪ್ಲಾಸ್ಟಿಕ್ ಆಗಲೇ ಪೆಡಸಾಗಿದ್ದರೆ ಹಳದಿಯನ್ನು ಹಾಗೇ ಬಿಡುವುದು ಒಳ್ಳೆಯದು. ಬಣ್ಣ ತಿರುಗಿಸಬಹುದು, ಮುರಿದ ಸ್ಕ್ರೂ ಕಂಬ ಅಂಟಿಸುವುದು ಬಲು ಕಷ್ಟ.